ಹೋದವರನ್ನು ಎಣಿಸಿ ಸ್ವಾಮಿ: ಮಂಡ್ಯದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ದೇಶದ ನಿರುದ್ಯೋಗ 2017-18ರಲ್ಲಿ ಶೇ. 6.1 ಇದ್ದದ್ದು 2023-24ಕ್ಕೆ ಶೇ. 3.2ಕ್ಕೆ ಇಳಿಯಿತು ಎಂದು ಉದ್ಯೋಗ ಮೇಳದ ವೇದಿಕೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಅಂಕಿ ಸುಳ್ಳಲ್ಲ. ಆದರೆ ಆ ಅಂಕಿ ಕೊಡುವ ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ (ಪಿಎಲ್‌ಎಫ್‌ಎಸ್) ನಿಯಮ ತಮಗೆ ಗೊತ್ತೇ ಇದೆ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದವನು ಆ ಮನೆಯ ಸದಸ್ಯನೇ ಅಲ್ಲ. ವರ್ಷದಲ್ಲಿ ಮೂವತ್ತು ದಿನ ಅಪ್ಪನ ಗದ್ದೆಯಲ್ಲಿ ಕೂಲಿಯಿಲ್ಲದೆ ಕಬ್ಬು ಕಡಿದವನು ಉದ್ಯೋಗಿ! ಕೆಲಸ ಸಿಗದ ಫಿಟ್ಟರ್ ಮಳವಳ್ಳಿ ಬಿಟ್ಟು ಕುವೈತಿಗೆ ಹೋದರೆ, ಇಲ್ಲಿ ಒಂದೂ ಕೆಲಸ ಹುಟ್ಟದೆಯೇ ನಿರುದ್ಯೋಗಿಗಳಲ್ಲಿ ಒಂದು ತಲೆ ಕಡಿಮೆ. ಅಭಿನಂದನೆಗಳು.

ವಲಸೆಯ ಲೆಕ್ಕದಲ್ಲಾದರೂ ಅವನಿದ್ದಾನೆಯೇ? ಎಸ್ಸೆಸ್ಸೆಲ್ಸಿ ಪಾಸಾದವನಿಗೆ, ನರ್ಸುಗಳಂಥ ಕೆಲವರನ್ನು ಬಿಟ್ಟರೆ, ಸರ್ಕಾರದ ವಲಸೆ ಅನುಮತಿ ಬೇಕಿಲ್ಲ; ಹಾಗಾಗಿ ಆ ಲೆಕ್ಕಕ್ಕೂ ಅವನು ಸಿಗುವುದಿಲ್ಲ. ನೋಂದಾಯಿತ ಏಜೆಂಟ್ ರಸೀದಿ ಕೊಟ್ಟು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಮಾತ್ರ ಪಡೆಯಬೇಕು. ನಡೆಯುವುದೇ ಬೇರೆ. ನೋಂದಣಿಯಿಲ್ಲದ ಸಬ್ ಏಜೆಂಟ್ ಲಕ್ಷಗಟ್ಟಲೆ ನಗದು ಎಣಿಸಿಕೊಂಡು, ವಿಸಿಟ್ ವೀಸಾ ಕೈಗಿಟ್ಟು, ‘ಅಲ್ಲಿ ಇಳಿದ ಮೇಲೆ ಬದಲಾಯಿಸಿಕೊಡ್ತೀವಿ’ ಎನ್ನುತ್ತಾನೆ. ಕೆಲಸದ ಒಪ್ಪಂದ ಕೇಂದ್ರದ ವಲಸೆ ಜಾಲತಾಣ ಇ-ಮೈಗ್ರೇಟ್‌ಗೆ ಏರಿರುವುದಿಲ್ಲ. ಸಂಬಳ ನಿಂತರೆ ದೂತಾವಾಸಕ್ಕೆ ತೋರಿಸಲು ಕಾಗದವಿಲ್ಲ. ಹೊರದೇಶಕ್ಕೆ ದುಡಿಯಲು ಹೋದವರಿಗೆಂದಿರುವ 10 ಲಕ್ಷದ ವಿಮೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇಲ್ಲ. ವೀಸಾ ಅವಧಿ ಮೀರಿದರೆ ದಂಡ, ಇತ್ತ ಅಡವಿಟ್ಟ ಒಡವೆಗೆ ಬಡ್ಡಿ. ಇಷ್ಟಾದರೂ ಆ ಪುಣ್ಯಾತ್ಮ ಸರ್ಕಾರದ ಕಡತದಲ್ಲಿ ನಿರುದ್ಯೋಗಿಯೂ ಅಲ್ಲ, ವಲಸಿಗನೂ ಅಲ್ಲ, ಊರು ನೋಡಲು ಹೋದವನು. ಹೋದವರನ್ನು ಎಣಿಸಿ.

ಐರ್ಲೆಂಡ್ ಎಣಿಸಿತು. 1980ರ ದಶಕದ ನಡುವೆ ಅಲ್ಲಿ ನಿರುದ್ಯೋಗ ಶೇ. 17ರ ಆಸುಪಾಸು. ಆದರೆ ಜನ ಅತಿ ಹೆಚ್ಚು ಹೊರಟದ್ದು, ಸುಮಾರು 70,000 ಮಂದಿ, 1989ರಲ್ಲಿ; ಅಷ್ಟರಲ್ಲಿ ಪಕ್ಕದ ಬ್ರಿಟನ್ನಿನಲ್ಲಿ ಕೆಲಸ ಚೇತರಿಸಿಕೊಂಡಿತ್ತು. ಇಲ್ಲಿ ಕೆಲಸವಿಲ್ಲ ಎಂಬುದೊಂದೇ ಸಾಲದು, ಅಲ್ಲಿ ಕರೆಯುವವರಿರಬೇಕು, ಕೈಯಲ್ಲಿ ಟಿಕೆಟ್ಟಿನ ಕಾಸೂ ಇರಬೇಕು. ಹಾಗಾಗಿ ನಿರುದ್ಯೋಗ, ವಲಸೆ ಎರಡರ ಅಂಕಿಗಳನ್ನೂ ವರ್ಷವರ್ಷ ಪಕ್ಕಪಕ್ಕ ಇಟ್ಟು ನೋಡದೆ, ಇಳಿದ ನಿರುದ್ಯೋಗವನ್ನು ಸಾಧನೆ ಎನ್ನುವಂತಿಲ್ಲ. ಅಷ್ಟು ದೂರ ಯಾಕೆ, ಕೇರಳದಲ್ಲಿ 1998ರಿಂದ ವಲಸೆ ಸಮೀಕ್ಷೆ ನಡೆಯುತ್ತಿದೆ.

ಕೇಂದ್ರದ ಯೋಜನೆಗಳ ಪ್ರಗತಿ ಪರಿಶೀಲಿಸುವ ಜಿಲ್ಲಾ ದಿಶಾ ಸಮಿತಿಯ ಅಧ್ಯಕ್ಷತೆ ಸಂಸದರದ್ದು. ಮುಂದಿನ ಸಭೆಯಲ್ಲೇ ಇದನ್ನು ಇಡಿ: ಗ್ರಾಮ ಪಂಚಾಯಿತಿವಾರು, ಪ್ರತಿ ವರ್ಷ, ಹೋದವರನ್ನು ಎಣಿಸಿ. ಐದು ಕಾಲಂ ಸಾಕು: ಹೋದ ವರ್ಷ, ದೇಶ, ವೀಸಾದ ಬಗೆ, ಏಜೆಂಟಿಗೆ ಕೊಟ್ಟ ಹಣ, ಹೊರಡುವ ಮುಂಚೆ ಎಷ್ಟು ತಿಂಗಳು ಕೆಲಸವಿಲ್ಲದೆ ಕೂತಿದ್ದ. ಆ ಕೊನೆಯ ಕಾಲಂ ಕೈಬಿಡುವುದಾದರೆ ಫಾರಂ ಅಚ್ಚು ಹಾಕಿಸುವ ಖರ್ಚೂ ಬೇಡ.

ಇಂತಿ,
ಮಂಡ್ಯದ ಮತದಾರರು