ನೆಗೆಟಿವ್ ಬಂದರೆ ಇನ್ಸುಲಿನ್ ಬಿಡಬಹುದೆಂದಲ್ಲ

ಮಾನ್ಯ ಸಂಪಾದಕರೇ,

ಎಳೆಯರ ಸಕ್ಕರೆ ಕಾಯಿಲೆ ಕುರಿತು ತಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನ ಉಪಯುಕ್ತವಾಗಿತ್ತು. ಆದರೆ ಅದರಲ್ಲಿನ ಒಂದು ವಾಕ್ಯ ಅವತ್ತಿನಿಂದ ಕಾಡುತ್ತಿದೆ: ‘ರಕ್ತದಲ್ಲಿ ಆ್ಯಂಟಿಬಾಡಿ ಇದ್ದರೆ ಟೈಪ್ 1, ಇಲ್ಲದಿದ್ದರೆ ಟೈಪ್ 2.’ ಆ ಆ್ಯಂಟಿಬಾಡಿ ಪರೀಕ್ಷೆ ಮಾಡುವುದೇ ನನ್ನ ಉದ್ಯೋಗ. ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಕೆಲವು ತಿಂಗಳ ಹಿಂದೆ ಹದಿನೇಳು ವರ್ಷದ ಹುಡುಗನ ವರದಿ ಪಡೆಯಲು ಅವನ ತಾಯಿ ಬಂದಿದ್ದರು. ಕಾಯಿಲೆ ಗೊತ್ತಾಗಿ ನಾಲ್ಕು ವರ್ಷ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ಮೂರೂ ಆ್ಯಂಟಿಬಾಡಿ ಪರೀಕ್ಷೆಗಳ ಮುಂದೆ ‘ನೆಗೆಟಿವ್’ ಎಂದಿತ್ತು. ಆ ತಾಯಿಯ ಮುಖ ಅರಳಿತು. ‘ನೆಗೆಟಿವ್ ಅಂದ್ರೆ ಒಳ್ಳೇದೇ ಅಲ್ವಾ ಮೇಡಂ? ಇನ್ನು ಸೂಜಿ ಬಿಡಿಸಿ ಮಾತ್ರೆ ಕೊಡಬಹುದಲ್ಲ?’ ಅವರದೇನೂ ತಪ್ಪಿಲ್ಲ. ಬೇರೆಷ್ಟೋ ಪರೀಕ್ಷೆಗಳಲ್ಲಿ ಆ ಪದ ಕಂಡರೆ ಯಾರಿಗಾದರೂ ಹೋದ ಜೀವ ಬಂದಂತಾಗುತ್ತದೆ.

ಈ ಪರೀಕ್ಷೆಯಲ್ಲಿ ಹಾಗಲ್ಲ. ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದಾಗ ಉಳಿಯುವ ಕುರುಹು ಈ ಆ್ಯಂಟಿಬಾಡಿ. ವರ್ಷಗಳು ಉರುಳಿದಂತೆ ಹಲವರಲ್ಲಿ ಆ ಕುರುಹು ಮಾಸಿಹೋಗುತ್ತದೆ, ಕಾಯಿಲೆ ಮಾತ್ರ ಹೋಗುವುದಿಲ್ಲ. ಇನ್ಸುಲಿನ್ ವಿರುದ್ಧದ ಆ್ಯಂಟಿಬಾಡಿಯನ್ನಂತೂ ಚುಚ್ಚುಮದ್ದು ಶುರುವಾಗಿ ಎರಡು ವಾರ ದಾಟಿದ ಮೇಲೆ ನೋಡಿ ಪ್ರಯೋಜನವಿಲ್ಲ. ಚುಚ್ಚಿದ ಇನ್ಸುಲಿನ್‌ಗೇ ದೇಹ ಆ್ಯಂಟಿಬಾಡಿ ಹುಟ್ಟಿಸಿರಬಹುದು.

ಪಾಸಿಟಿವ್, ನೆಗೆಟಿವ್ ನಡುವಿನ ಗೆರೆಯ ಬಗ್ಗೆಯೂ ಹೇಳಬೇಕು. ಯಂತ್ರ ಕೊಡುವುದು ಒಂದು ಸಂಖ್ಯೆಯನ್ನಷ್ಟೇ. ಆರೋಗ್ಯವಂತರ ರಕ್ತ ಪರೀಕ್ಷಿಸಿ, ನೂರರಲ್ಲಿ ತೊಂಬತ್ತೇಳೋ ತೊಂಬತ್ತೊಂಬತ್ತೋ ಮಂದಿಯ ಸಂಖ್ಯೆ ಎಲ್ಲಿಗೆ ಮುಗಿಯುತ್ತದೋ ಸಾಮಾನ್ಯವಾಗಿ ಅಲ್ಲಿ ಗೆರೆ ಎಳೆದಿರುತ್ತಾರೆ. ಅಂದಮೇಲೆ ಏನೂ ಕಾಯಿಲೆಯಿಲ್ಲದ ನೂರು ಜನರಲ್ಲೂ ಒಬ್ಬರಿಂದ ಮೂವರು ಪಾಸಿಟಿವ್ ಆಗಬಹುದು. ಟೈಪ್ 1 ವಿರಳವಾಗಿರುವ ಜನಸಮುದಾಯದಲ್ಲಿ, ಗೆರೆಯನ್ನು ಕೂದಲೆಳೆಯಷ್ಟು ದಾಟಿದ ಒಂದೇ ಆ್ಯಂಟಿಬಾಡಿಯನ್ನು ನೆಚ್ಚಿ ಹಣೆಪಟ್ಟಿ ಹಚ್ಚುವುದೂ ತಪ್ಪೇ.

ಈ ತಿಳಿವಳಿಕೆಯ ಬಹುಪಾಲು ಯುರೋಪ್ ಮೂಲದವರ ಅಧ್ಯಯನದಿಂದ ಬಂದದ್ದು. ವಯಸ್ಕರ ಟೈಪ್ 1 ಕುರಿತು ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು 2021ರಲ್ಲಿ ಜಂಟಿಯಾಗಿ ಹೊರತಂದ ವರದಿಯೇ, ಕಾಯಿಲೆ ವಿಂಗಡಿಸುವ ತನ್ನ ನಕ್ಷೆಗೆ ಬಿಳಿಯ ಯುರೋಪಿಯನ್ನರ ಮಾಹಿತಿಯೇ ಆಧಾರ ಎಂದು ಒಪ್ಪಿಕೊಂಡಿದೆ. ಬೇರೆ ಕಡೆ ಚಿತ್ರ ಬೇರೆಯೇ. ಕ್ಯಾಮರೂನ್, ಉಗಾಂಡ, ದಕ್ಷಿಣ ಆಫ್ರಿಕಾಗಳಲ್ಲಿ ಟೈಪ್ 1 ಎಂದೇ ಚಿಕಿತ್ಸೆ ಪಡೆಯುತ್ತಿದ್ದ 894 ಎಳೆಯರ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 65ರಷ್ಟು ಮಂದಿಯ ರಕ್ತದಲ್ಲಿ ಆ್ಯಂಟಿಬಾಡಿಯೇ ಇರಲಿಲ್ಲ. ವಂಶವಾಹಿಗಳಲ್ಲೂ ಟೈಪ್ 1ರ ಒಲವು ಕಡಿಮೆಯಿತ್ತು. ಹಾಗೆಂದು ಟೈಪ್ 2ರ ಲಕ್ಷಣಗಳಿಗೂ ಅವರು ಹೊಂದುತ್ತಿರಲಿಲ್ಲ. ಇನ್ನು ಜಪಾನಿನ ವೈದ್ಯರು 2000ದಲ್ಲಿ ವಿವರಿಸಿದ ಟೈಪ್ 1ರ ಒಂದು ಬಗೆಯಲ್ಲಿ ಆ್ಯಂಟಿಬಾಡಿ ನೆಗೆಟಿವ್, ಆದರೂ ಕೆಲವೇ ದಿನಗಳಲ್ಲಿ ಇನ್ಸುಲಿನ್ ಪೂರ್ತಿ ಬತ್ತಿಹೋಗುತ್ತದೆ. ಅಂಥವರಿಗೆ ‘ಟೈಪ್ 2, ಮಾತ್ರೆ ಸಾಕು’ ಎಂದುಬಿಟ್ಟರೆ ಜೀವ ಉಳಿಯುವುದೇ ಕಷ್ಟ.

ನೆಗೆಟಿವ್ ವರದಿಯಿಂದ ಒಳ್ಳೆಯದಾಗುವವರೂ ಇದ್ದಾರೆ. ಒಂದೇ ವಂಶವಾಹಿಯ ದೋಷದಿಂದ ಬರುವ ಮೋಡಿ ಎಂಬ ಮಧುಮೇಹದ ಕೆಲವು ಬಗೆಗಳಲ್ಲಿ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡವರು ಸಲ್ಫೊನೈಲ್‌ಯೂರಿಯಾ ಮಾತ್ರೆಗೆ ಬದಲಾದದ್ದುಂಟು. ಆದರೆ ಅದಕ್ಕೆ ವಂಶವಾಹಿ ಪರೀಕ್ಷೆ ಬೇಕು, ಅದಕ್ಕೂ ಮುಂಚೆ ಸಿ-ಪೆಪ್ಟೈಡ್ ಎಂಬ ಪರೀಕ್ಷೆ ಬೇಕು. ದೇಹ ತಾನಾಗಿ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಯುವುದು ಅದರಿಂದಲೇ. ಕಾಯಿಲೆಗೆ ಮೂರು ವರ್ಷ ತುಂಬಿದ ಮೇಲೆ ಅದು ಲೀಟರ್‌ಗೆ 200 ಪಿಕೊಮೋಲ್‌ಗಿಂತ ಕಡಿಮೆ ಇದ್ದರೆ, ಆ್ಯಂಟಿಬಾಡಿ ಇರಲಿ ಬಿಡಲಿ, ಇನ್ಸುಲಿನ್ ಬಿಡುವಂತಿಲ್ಲ. 600 ದಾಟಿದ್ದರೆ ಟೈಪ್ 1 ಹೌದೇ ಎಂದು ಮರುಯೋಚಿಸಬೇಕು.

ನಾನು ವೈದ್ಯೆಯಲ್ಲ. ‘ಸೂಜಿ ಮಾತ್ರ ನಿಲ್ಲಿಸಬೇಡಿ ಅಮ್ಮಾ, ಮೊದಲು ಡಾಕ್ಟರನ್ನು ಕಾಣಿ’ ಎಂದಷ್ಟೇ ಆ ತಾಯಿಗೆ ಹೇಳಿದೆ. ವಾರದ ನಂತರ ಸಿ-ಪೆಪ್ಟೈಡ್ ಚೀಟಿ ಹಿಡಿದು ಹುಡುಗನೇ ಬಂದ. ಸಂಖ್ಯೆ 200ಕ್ಕಿಂತ ಎಷ್ಟೋ ಕೆಳಗಿತ್ತು. ಅವರು ಆ ಒಂದು ವಾರ ಇನ್ಸುಲಿನ್ ಬಿಟ್ಟಿದ್ದರೆ ಅವನು ನಡೆದುಕೊಂಡು ಬರುತ್ತಿರಲಿಲ್ಲ.

ದಯವಿಟ್ಟು ಆ ವಾಕ್ಯವನ್ನು ತಿದ್ದಿ ಇನ್ನೊಮ್ಮೆ ಪ್ರಕಟಿಸಿ. ‘ಇಲ್ಲದಿದ್ದರೆ ಟೈಪ್ 2’ ಎಂಬಲ್ಲಿ ‘ಇಲ್ಲದಿದ್ದರೆ ಸಿ-ಪೆಪ್ಟೈಡ್ ನೋಡಬೇಕು, ವೈದ್ಯರು ಹೇಳುವವರೆಗೆ ಇನ್ಸುಲಿನ್ ನಿಲ್ಲಿಸಬಾರದು’ ಎಂದಿದ್ದರೆ ಸಾಕು.

– ಪ್ರಯೋಗಾಲಯ ತಂತ್ರಜ್ಞೆ