ಸಾಲದ ಲಿಂಕಿಗೆ ಒಪ್ಪಿಗೆ ಕೊಡುವ ಮುನ್ನ

ಮಾನ್ಯರೇ,

ಸಾಲಕ್ಕೆ ಅರ್ಜಿ ಹಾಕಿದವರಿಂದ ಪಾಸ್‌ಬುಕ್ ಜೆರಾಕ್ಸ್ ಕೇಳುವ ಬದಲು ಮೊಬೈಲಿಗೊಂದು ಲಿಂಕ್ ಕಳಿಸುವುದು ಈಗ ರೂಢಿಗೆ ಬರುತ್ತಿದೆ. ಅದರಲ್ಲಿ ಒಪ್ಪಿಗೆ ಕೊಟ್ಟರೆ ಖಾತೆಯ ವಿವರ ನಮ್ಮ ಬ್ಯಾಂಕಿನಿಂದ ಸಾಲ ಕೊಡುವವರಿಗೆ ಹೋಗುತ್ತದೆ. ಇದೇ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ. ರಿಸರ್ವ್ ಬ್ಯಾಂಕ್ 2016ರಲ್ಲೇ ಇದಕ್ಕೆ ನಿಯಮ ಮಾಡಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಎಂಟು ಬ್ಯಾಂಕುಗಳು ಸೇರಿ ಬಳಕೆಗೆ ತಂದವು. ನಡುವೆ ನಿಲ್ಲುವ ಅಗ್ರಿಗೇಟರ್ ಕಂಪನಿ ನಮ್ಮ ಖಾತೆಯ ವಿವರವನ್ನು ಸಾಗಿಸಬಹುದೇ ಹೊರತು ತೆರೆದು ನೋಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನೇ ಕೇಳುತ್ತಿದ್ದ ಆ್ಯಪ್‌ಗಳಿಗಿಂತ ಇದು ಎಷ್ಟೋ ವಾಸಿ.

ತೊಡಕಿರುವುದು ಒಪ್ಪಿಗೆಯ ಪುಟದಲ್ಲಿ. ವಿವರ ಯಾಕೆ ಬೇಕು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ವ್ಯವಹಾರ, ಒಂದೇ ಸಲವೋ ಪದೇ ಪದೇಯೋ, ಒಪ್ಪಿಗೆ ಮುಗಿಯುವುದೆಂದು, ಪಡೆದದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಅಲ್ಲಿರುತ್ತದೆ. ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸಲ ನೋಡಿದರೆ ಸಾಕು. ‘ಪದೇ ಪದೇ’ ಎಂದಿದ್ದರೆ ಒಪ್ಪಿಗೆಯ ಅವಧಿಯುದ್ದಕ್ಕೂ ನಿಮ್ಮ ಖಾತೆಯ ಮೇಲೆ ಸಾಲ ಕೊಟ್ಟವರ ಕಣ್ಣಿರುತ್ತದೆ. ಕಾರಣ ಕೇಳಿಯೇ ಒಪ್ಪಬೇಕು. ಸಾಲ ತೀರಿದ ಮೇಲೂ ಅವಧಿ ಉಳಿದಿದ್ದರೆ, ಒಪ್ಪಿಗೆ ಪಡೆದ ಅದೇ ಅಗ್ರಿಗೇಟರ್‌ಗೆ ಅದೇ ಮೊಬೈಲ್ ಸಂಖ್ಯೆಯಿಂದ ಲಾಗಿನ್ ಆಗಿ ರದ್ದು ಮಾಡಬೇಕು. ಸಾಲದ ಆ್ಯಪನ್ನು ಅಳಿಸಿದರೆ ಒಪ್ಪಿಗೆ ಅಳಿಯುವುದಿಲ್ಲ! ರದ್ದು ಮಾಡಿದರೆ ವಿವರ ಮುಂದೆ ಹೋಗುವುದು ನಿಲ್ಲುತ್ತದೆ, ಆದರೆ ಆಗಲೇ ಹೋದದ್ದು ವಾಪಸ್ ಬರುವುದಿಲ್ಲ. ರದ್ದು ಮಾಡುವಾಗ ಬೇಕಾಗುವುದರಿಂದ ಅಗ್ರಿಗೇಟರ್ ಹೆಸರಿರುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಒಳ್ಳೆಯದು.

‘ಖಾತೆ ಸಿಗಲಿಲ್ಲ’ ಎಂದು ಬಂದರೆ ಮೊದಲು ಮೊಬೈಲ್ ಸಂಖ್ಯೆ ನೋಡಿ. ಹುಡುಕಾಟ ನಡೆಯುವುದು ಅದರ ಮೇಲೆಯೇ. ಖಾತೆಗೆ ಮಗನ ಸಂಖ್ಯೆಯೋ ಹಳೆಯ ಸಿಮ್ಮೋ ಇದ್ದರೆ ಎಷ್ಟು ಸಲ ಒತ್ತಿದರೂ ಅಷ್ಟೇ. ಬ್ಯಾಂಕಿನಲ್ಲಿ ಸಂಖ್ಯೆ ಬದಲಿಸಿಕೊಳ್ಳಬೇಕಾಗುತ್ತದೆ. ಖಾತೆ ಸಿಕ್ಕಿದ ಮೇಲೆ ಅದನ್ನು ಜೋಡಿಸಲು ಬ್ಯಾಂಕಿನಿಂದ ಬರುವ ಒಟಿಪಿಯನ್ನು ನೀವೇ ಹಾಕಿ, ಏಜೆಂಟರಿಗೆ ಫೋನಿನಲ್ಲಿ ಹೇಳಬೇಡಿ.

ಒಪ್ಪಿಗೆಯ ಪುಟ ಎಷ್ಟೋ ಕಡೆ ಇಂಗ್ಲಿಷಿನಲ್ಲೇ ತೆರೆದುಕೊಳ್ಳುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಸೂಚನೆ ಓದುವ ಅವಕಾಶ ಕೊಡಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಬ್ಯಾಂಕುಗಳು ಅಗ್ರಿಗೇಟರ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳುವಾಗಲೇ ಕನ್ನಡದ ಪುಟವನ್ನೂ, ಸಾಲ ತೀರಿದ ದಿನವೇ ಒಪ್ಪಿಗೆ ತಾನಾಗಿ ಕೊನೆಗೊಳ್ಳುವ ಏರ್ಪಾಟನ್ನೂ ಷರತ್ತಾಗಿ ಬರೆಸಿಕೊಳ್ಳಬೇಕು.

– ಒಬ್ಬ ಬ್ಯಾಂಕ್ ನೌಕರ, ದಾವಣಗೆರೆ