ಗೋವಿನಜೋಳಕ್ಕೆ ಯೂರಿಯಾ ಪುನರ್ವಸು ಮಳೆಗೆ ಬೇಕು, ಸಚಿವರೇ

ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಗೊಬ್ಬರ ಅಂದರೆ ಹಾವೇರಿಗೆ 2008ರ ಜೂನ್ 10 ನೆನಪಾಗುತ್ತದೆ. ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಅಂದು ಗೋಲಿಬಾರ್ ಆಗಿತ್ತು. ಇಂದಿಗೂ ಮುಂಗಾರು ಬಂತೆಂದರೆ ರಂಜಕ, ಸಾರಜನಕ ಎರಡೂ ಇರುವ ಡಿಎಪಿ ಗೊಬ್ಬರಕ್ಕೆ ಪಾಳಿ ಹಚ್ಚುವುದು ತಪ್ಪಿಲ್ಲ. ಎಷ್ಟು ಟನ್ ದಾಸ್ತಾನಿದೆ ಎಂದು ಇಲಾಖೆ ಹೇಳುತ್ತದೆ. ಯಾವ ಗೊಬ್ಬರ, ಯಾವ ವಾರಕ್ಕೆ ಎಂಬ ಲೆಕ್ಕ ಮಾತ್ರ ಕಾಣುವುದಿಲ್ಲ.

ಮಳೆಯಾಶ್ರಿತ ಗೋವಿನಜೋಳಕ್ಕೆ ಶಿಫಾರಸು ಎಕರೆಗೆ 40 ಕೆಜಿ ಸಾರಜನಕ, 20 ಕೆಜಿ ರಂಜಕ, 10 ಕೆಜಿ ಪೊಟ್ಯಾಷ್. ರಂಜಕ ಮಣ್ಣಿನಲ್ಲಿ ಹರಿದಾಡುವುದಿಲ್ಲ. ಎರೆಯ ಕಪ್ಪು ಮಣ್ಣಿನಲ್ಲಿ ಸುಣ್ಣ, ಮಸಾರಿಯ ಕೆಂಪು ಮಣ್ಣಿನಲ್ಲಿ ಕಬ್ಬಿಣ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಿತ್ತುವಾಗಲೇ ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಬಿದ್ದರೆ ಮಾತ್ರ ಎಳೆ ಬೇರಿಗೆ ಸಿಕ್ಕೀತು. ಸಿಗದಿದ್ದರೆ ಎಲೆಯಂಚು ನೇರಳೆಯಾಗಿ ಸಸಿ ಮುರುಟುತ್ತದೆ. ಬೇರೇ ಬೆಳೆಯದ ಮೇಲೆ ಸಾರಜನಕ ಕೊಡುವ ಯೂರಿಯಾ ಎಷ್ಟು ಸುರಿದರೇನು?

ಸಾರಜನಕದ ಸ್ವಭಾವ ತದ್ವಿರುದ್ಧ, ಒಂದು ಕಡೆ ನಿಲ್ಲುವುದಿಲ್ಲ. ಮಸಾರಿಯಲ್ಲಿ ಮಳೆನೀರಿನ ಜೊತೆ ಕೆಳಗಿಳಿಯುತ್ತದೆ, ಎರೆಯಲ್ಲಿ ನೀರು ನಿಂತರೆ ಗಾಳಿಯಾಗಿ ಹಾರುತ್ತದೆ. ಅದಕ್ಕೇ ಮೂರು ಕಂತು: ಬಿತ್ತುವಾಗ, 30 ದಿನಕ್ಕೆ ಎಡೆ ಹೊಡೆಯುವಾಗ, ಸೂಲಂಗಿ (ತುದಿಯ ಗಂಡು ಹೂ) ಒಡೆಯುವ ಮುಂಚೆ 50 ದಿನದ ಸುಮಾರಿಗೆ. ಜೂನ್‌ನ ಮೃಗಶಿರಾ ಮಳೆಗೆ ಬಿತ್ತಿದವರಿಗೆ ಎರಡನೇ ಕಂತು ಜುಲೈನ ಪುನರ್ವಸುವಿಗೆ, ಮೂರನೆಯದು ಆಗಸ್ಟ್ ಆರಂಭದಲ್ಲಿ ಪುಷ್ಯ ಮುಗಿದು ಆಶ್ಲೇಷಾ ಹೂಡುವ ಹೊತ್ತಿಗೆ. ಆಗ ಯೂರಿಯಾ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ರೈತರು ಜೂನ್‌ನಲ್ಲೇ ಎರಡು ಚೀಲ ಎರಚಿಬಿಡುತ್ತಾರೆ. ತೆನೆ ಕಟ್ಟುವಾಗ ಸಾರಜನಕ ಸಾಲದೆ ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತದೆ, ತೆನೆಯ ತುದಿ ಬೋಳು ಉಳಿಯುತ್ತದೆ.

ಇನ್ನು ಡಿಎಪಿ. ಒಂದು ಚೀಲದಲ್ಲಿರುವುದು 23 ಕೆಜಿ ರಂಜಕ, 9 ಕೆಜಿ ಸಾರಜನಕ. ರಂಜಕದ ಇನ್ನೊಂದು ಗೊಬ್ಬರವಾದ ಸೂಪರ್ ಫಾಸ್ಫೇಟ್ ಮೂರು ಚೀಲ, 20 ಕೆಜಿ ಯೂರಿಯಾ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ, ಮೇಲೆ ಗಂಧಕ ಲಾಭ. ಆದರೆ ಎರಡನ್ನೂ ಕಲಸಿ ಇಟ್ಟರೆ ರಾಡಿಯಾಗುತ್ತದೆ, ಹಾಕುವಾಗಲೇ ಕಲಸಬೇಕು. ಯೂರಿಯಾ ಬೀಜಕ್ಕೆ ತಾಗಿದರೆ ಮೊಳಕೆ ಸುಡುತ್ತದೆ. ರೈತರು ಸೂಪರ್ ಒಲ್ಲೆ ಅನ್ನುವುದು ಅಜ್ಞಾನದಿಂದಲ್ಲ. ಒಂದು ಚೀಲದ ಜಾಗದಲ್ಲಿ ಮೂರು ಹೊರಬೇಕು, ಬಾಡಿಗೆ ಯಾರು ಕೊಡಬೇಕು?

ಆದ್ದರಿಂದ ಮೇ ಮುಗಿಯುವುದರೊಳಗೆ ಸೂಪರ್ ಫಾಸ್ಫೇಟ್ ಹಳ್ಳಿಯ ಸೊಸೈಟಿಗೇ ತಲುಪಲಿ, ಸಾಗಣೆ ಖರ್ಚು ಸರ್ಕಾರದ್ದಿರಲಿ. ಯೂರಿಯಾ ಜುಲೈ ಎರಡನೇ ವಾರಕ್ಕೊಮ್ಮೆ, ಆಗಸ್ಟ್ ಮೊದಲ ವಾರಕ್ಕೊಮ್ಮೆ ಬರಲಿ. ಆ ದಿನಾಂಕಗಳನ್ನು ಈಗಲೇ ಪಂಚಾಯಿತಿ ಗೋಡೆಗೆ ಹಚ್ಚಿಸಿ. ಯೂರಿಯಾ ಕೇಳಿದವರಿಗೆ ಬೇಡದ ದ್ರವ ಗೊಬ್ಬರದ ಬಾಟಲಿಯನ್ನೂ ಜೊತೆಗೆ ಕಟ್ಟುವ ‘ಲಿಂಕ್’ ನಿಲ್ಲಲಿ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬೀಜಕ್ಕೊಂದು, ಗೊಬ್ಬರಕ್ಕೊಂದು ಪೆಟ್ಟಿಗೆ ಇರುವ ಕೂರಿಗೆಗಳು ರೋಹಿಣಿ ಮಳೆಗೆ ಮುಂಚೆ ರಿಪೇರಿಯಾಗಿ ನಿಂತಿರಲಿ.

ಇಂತಿ,
ಹಾವೇರಿ ಜಿಲ್ಲೆಯ ಗೋವಿನಜೋಳ ಬೆಳೆಗಾರರು